ಸೇನಾನಿಯೂ ಮ್ಯಾನೇಜರನೂ

ಮೊನ್ನೆ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಈಗ ದೊಡ್ಡದೊಂದು ಕಂಪನಿಯಲ್ಲಿ ಮ್ಯಾನೇಜರನಾಗಿದ್ದಾನೆ. ಅಲ್ಲಿ ನಾಯಕತ್ವವನ್ನು ಬೋಧಿಸುವವರು ದಂಡಿನ ದೃಷ್ಟಾಂತಗಳನ್ನೇ ಕೊಡುವರಂತೆ. ಮಾತುಮಾತಿಗೂ ವ್ಯೂಹ, ದಾಳಿ, ವಿಜಯ. “ಮೇಷ್ಟ್ರೇ, ಇವೆರಡೂ ಒಂದೇ ಏನು?” ಎಂದು ಕೇಳಿದನು.

ವಾಚಕರೇ, ಮಾತುಗಳನ್ನು ಎರವಲು ತರುವುದು ಸುಲಭ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಘಾಟಿಯಲ್ಲಿ, 11,000 ಅಡಿಗೂ ಮಿಗಿಲಾದ ಎತ್ತರದಲ್ಲಿ, ನಮ್ಮ ಟ್ಯಾಂಕುಗಳು ಏರಿಹೋದವು. ಅಷ್ಟು ಮೇಲಕ್ಕೆ ಟ್ಯಾಂಕು ಬಂದೀತೆಂದು ಶತ್ರುಗಳು ಎಣಿಸಿರಲಿಲ್ಲ. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಕುಳಿತಿದ್ದವರು ಆ ಸೇನೆಯ ಅಧಿಪತಿಗಳೇ ಆದ ಮೇಜರ್ ಜನರಲ್ ತಿಮ್ಮಯ್ಯನವರು, ನಮ್ಮ ಕೊಡಗಿನವರು. ಹಿಂದೆ ನಿಂತು ಆಜ್ಞೆ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಇನ್ನು ಕಂಪನಿಗಳ ಶಾಸ್ತ್ರ. ಅಮೆರಿಕದ ಟೇಲರನು 1911ರಲ್ಲಿ ಪ್ರಕಟಿಸಿದ ಗ್ರಂಥದಂತೆ ಯೋಚನೆಯು ಮೇಲಿನವರದು, ದುಡಿಮೆಯು ಕೆಳಗಿನವರದು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12½ ಟನ್ ಬೀಡುಕಬ್ಬಿಣ ಹೊರುತ್ತಿದ್ದಲ್ಲಿ 47½ ಟನ್ ಹೊರಿಸಿದೆನೆಂದೂ, ಕೂಲಿಯನ್ನು 1.15 ಡಾಲರಿನಿಂದ 1.85ಕ್ಕೆ ಏರಿಸಿದೆನೆಂದೂ ಅವನೇ ಬರೆದಿದ್ದಾನೆ. ಈ ತ್ರೈರಾಶಿಯನ್ನು ನಮ್ಮ ಶಾಲೆಯ ಹುಡುಗರು ಒಪ್ಪುತ್ತಿರಲಿಲ್ಲ! ತರುವಾಯ 1954ರಲ್ಲಿ ಡ್ರಕ್ಕರನು, ಗುರಿಗಳನ್ನು ಕೆಳಗಿನವರೂ ಕೂಡಿ ನಿಶ್ಚಯಿಸಬೇಕೆಂದು ಹೇಳಿ ಸ್ವಲ್ಪ ತಿದ್ದಿದನು. ಆದರೆ ಹೊರೆಯಲ್ಲಿ ನಾಯಕನ ಪಾಲೆಷ್ಟು?

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಯುದ್ಧಕ್ಕೆ ಮುನ್ನ ರಾಜನು ತಾನೂ ಯೋಧರಂತೆಯೇ ವೇತನ ಪಡೆಯುವವನು, ರಾಜ್ಯವನ್ನು ಅವರೊಡನೆಯೇ ಭೋಗಿಸತಕ್ಕವನು ಎಂದು ಅವರಿಗೆ ಹೇಳಬೇಕೆಂದಿದೆ. ಕೌಟಿಲ್ಯನೇನೂ ಮೃದುಹೃದಯದವನಲ್ಲ, ಇದನ್ನು ಉಪಾಯವೆಂದೇ ಹೇಳಿದ್ದಿರಬಹುದು. ಆದರೂ ಆ ಮಾತಿಲ್ಲದೆ ಸೇನೆಯು ನಿಲ್ಲದೆಂಬುದನ್ನು ಬಲ್ಲವನು.

ದಂಡಿನ ಆಜ್ಞಾಪದ್ಧತಿಯನ್ನು ಕಚೇರಿಗೆ ತರಬೇಕೆಂದು ನಾವು ಹೇಳುವುದಿಲ್ಲ. ಸೈನಿಕನು ಮನಬಂದಾಗ ಕೆಲಸ ಬಿಡಲಾರನು, ಗುಮಾಸ್ತನು ಬಿಡಬಲ್ಲನು. ಒಬ್ಬನಿಗಿರುವ ಕಟ್ಟು ಇನ್ನೊಬ್ಬನಿಗೆ ಸಲ್ಲದು. ತರುವುದಾದರೆ ಮುಂದಿನ ಟ್ಯಾಂಕಿನ ಆ ಸ್ಥಾನವನ್ನು ತರಲಿ.

ಇಷ್ಟನ್ನು ಹೇಳಿದಾಗ ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದನು. ಹೋದ ತಿಂಗಳು ಅವನ ಕೈಕೆಳಗಿನ ಹನ್ನೊಂದು ಮಂದಿಯನ್ನು ಕಂಪನಿಯು ಕೆಲಸದಿಂದ ತೆಗೆಯಿತಂತೆ. ಓಲೆಗಳು ಕಂಪ್ಯೂಟರಿನ ಮೂಲಕವೇ ಹೋದವಂತೆ.

“ಆ ದಿನ ನಾನು ರಜ ಹಾಕಿದ್ದೆ, ಮೇಷ್ಟ್ರೇ.”

ನಾವು ಏನೂ ಹೇಳಲಿಲ್ಲ. ಮಜ್ಜಿಗೆ ಕುಡಿದು ಎದ್ದವನು, ಅವರಲ್ಲೊಬ್ಬನ ಮನೆಯು ನಮ್ಮ ಹಿಂದಿನ ಬೀದಿಯಲ್ಲಿಯೇ ಇದೆಯೆಂದು ಹೇಳಿ ದಾರಿಯನ್ನು ಕೇಳಿದನು.