ಜೇನಿಗೆ ಮಜ್ಜಿಗೆ ಬೇಡ, ಮುಂಜಾನೆಯ ಪಂಪು ನಿಲ್ಲಲಿ

ಕೊರ್ಲಹಳ್ಳಿ ಸುತ್ತ ಸೂರ್ಯಕಾಂತಿ ಹೂ ಬಿಟ್ಟಾಗ ಮುಂಜಾನೆ ಎಂಟಕ್ಕೇ ಹೊಲದಲ್ಲಿ ಜೇನಿನ ಸದ್ದು ಕೇಳಬೇಕು. ಕೇಳದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚು. ಹುಳ ಕಡಿಮೆ ಇದ್ದಲ್ಲಿ ಅಂಗೈಯಿಂದಲೋ ಬಟ್ಟೆಯಿಂದಲೋ ತೆನೆ ಸವರಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಅದಕ್ಕೇ. ಜೇನು ಪುಕ್ಕಟೆ ಮಾಡುವ ಕೆಲಸಕ್ಕೆ ಆಳು ಹಚ್ಚಿ ಪಗಾರ ಕೊಡಬೇಕು.

ಹೀಗಿರುವಾಗ ನಾಲ್ಕು ಪೆಟ್ಟಿಗೆ ಇಟ್ಟ ರೈತರೊಬ್ಬರು ನಮ್ಮನ್ನು ಕೇಳಿದರು: "ಜೇನಿಗೂ ಪ್ರೊಬಯಾಟಿಕ್ ಬಂದೈತಂತಲ್ರಿ, ಪೆಟ್ಟಿಗಿಗೆ ಮಜ್ಜಿಗಿ ಹಾಕಿದ್ರ ನಡೀತದೇನ್ರಿ?"

ನಗುವಂಥ ಪ್ರಶ್ನೆಯಲ್ಲ. ಮಜ್ಜಿಗೆಯಲ್ಲಿರುವ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ ಜೇನಿನ ಹೊಟ್ಟೆಯಲ್ಲೂ ಇವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2008ರಲ್ಲಿ ಜೇನಿನ ಮಕರಂದ ಚೀಲದಲ್ಲೇ ಅಂಥವನ್ನು ಗುರುತಿಸಿದರು. ಆಗಷ್ಟೇ ಹೊರಬಂದ ಮರಿಹುಳದ ಕರುಳಿನಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಗೂಡಿನ ಹಿರಿಯ ಹುಳಗಳ ಜೊತೆ ಬೆರೆತು ಕೆಲವೇ ದಿನಗಳಲ್ಲಿ ಪಡೆದುಕೊಳ್ಳುತ್ತದೆ. ಮನೆಯಿಂದ ಮನೆಗೆ ಹೆಪ್ಪು ಹೋದ ಹಾಗೆ ಅನ್ನಿ.

ಆದರೆ ಹೆಪ್ಪು ಅದೇ ಮನೆಯದಾಗಬೇಕು. ನಮ್ಮ ಮಜ್ಜಿಗೆಯ ಬ್ಯಾಕ್ಟೀರಿಯಾ ಜೇನಿನ ಕರುಳಿಗೆ ಹೊಂದಿದವಲ್ಲ, ಮೇಲಾಗಿ ಹಾಲಿನ ಸಕ್ಕರೆ ಜೇನಿಗೆ ವಿಷವೇ. ದಯವಿಟ್ಟು ಹಾಕಬೇಡಿ.

ಹಾಗಾದರೆ ಪ್ರೊಬಯಾಟಿಕ್ ಬರೀ ಸುಳ್ಳೇ? ಅಲ್ಲ. ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದವರು ಆಯ್ದ ಮೂರು ಲ್ಯಾಕ್ಟೋಬ್ಯಾಸಿಲಸ್‌ಗಳನ್ನು ಪರಾಗದ ಉಂಡೆಯಲ್ಲಿ ಬೆರೆಸಿ ಗೂಡಿಗೆ ಇಟ್ಟರು. ಫೌಲ್‌ಬ್ರೂಡ್ ಎಂಬ ಮರಿಕೊಳೆ ರೋಗದ ಹಾವಳಿ ತಗ್ಗಿತು ಎಂದು 2019ರಲ್ಲಿ ಪ್ರಕಟಿಸಿದರು. ಒಳ್ಳೆಯ ಸುದ್ದಿಯೇ. ಆದರೆ ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಹುಳ ಪಾಶ್ಚಾತ್ಯ ಮೆಲ್ಲಿಫೆರಾ. ನಮ್ಮ ಕರ್ನಾಟಕದ ತುಡುವೆ ಜೇನನ್ನು ಹಾಳು ಮಾಡಿದ್ದು ವೈರಸ್. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಬಂದಾಗ ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಾಶವಾದವು. ಕೊಡಗು, ದಕ್ಷಿಣ ಕನ್ನಡದಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಕೆನಡಾದ ಉಂಡೆ ಈ ರೋಗಕ್ಕೂ ನಾಟುತ್ತದೆ ಎಂದು ಯಾರಾದರೂ ಮಾರಲು ಬಂದರೆ, ತುಡುವೆ ಮೇಲೆ ಎಲ್ಲಿ ಪರೀಕ್ಷೆ ಮಾಡಿದ್ದೀರಿ ಎಂದು ಕೇಳಿ. ಉತ್ತರ ಬರದಿದ್ದರೆ ರೊಕ್ಕ ಕಿಸೆಯಲ್ಲೇ ಇರಲಿ.

ನಮ್ಮ ತಕರಾರು ಇನ್ನೊಂದಿದೆ. ಇದ್ದ ಬ್ಯಾಕ್ಟೀರಿಯಾ ಕೊಂದು, ಹೊಸದನ್ನು ಕೊಂಡು ತರುವುದು ಯಾವ ಲೆಕ್ಕ? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು 2017ರಲ್ಲಿ ಜೇನುಹುಳಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟು ಗೂಡಿಗೆ ಬಿಟ್ಟು ನೋಡಿದರು. ಮೂರು ದಿನಕ್ಕೆ ಉಳಿದದ್ದು ಮೂರರಲ್ಲಿ ಒಂದು ಪಾಲು. ಔಷಧ ಕೊಡದ ಹುಳಗಳಲ್ಲಿ ಎರಡು ಪಾಲು ಉಳಿದಿದ್ದವು. ಕಳೆನಾಶಕ ಗ್ಲೈಫೋಸೇಟ್ ಕೂಡ ಜೇನಿನ ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತದೆಂದು ಅದೇ ತಂಡ 2018ರಲ್ಲಿ ತೋರಿಸಿತು. ನಾವು ಅದನ್ನು ಬದುವಿಗೆ ಹೊಡೆಯುವಾಗ ತುಂಬೆ ಹೂವೂ ಸಾಯುತ್ತದೆ. ಸೂರ್ಯಕಾಂತಿ ಮುಗಿದ ಮೇಲೆ ಹುಳಕ್ಕೆ ಬದುವಿನ ಹೂವೇ ಊಟ.

ಇನ್ನು ನಮ್ಮ ಹೊಲಕ್ಕೆ ಬರುವವು ಪೆಟ್ಟಿಗೆಯ ಹುಳ ಮಾತ್ರವಲ್ಲ. ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ, ಪೊದೆಯ ಕೋಲು ಜೇನನ್ನೂ ಯಾರೂ ಸಾಕುವುದಿಲ್ಲ. ಅವಕ್ಕೆ ಉಂಡೆ ತಿನ್ನಿಸುವವರು ಯಾರು?

ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ತೋಟಗಾರಿಕೆ ಇಲಾಖೆಯೂ ತುಡುವೆ ಗೂಡಿನದೇ ಬ್ಯಾಕ್ಟೀರಿಯಾ ತೆಗೆದು, ಮುಂಡರಗಿಯಂಥ ಬಯಲುಸೀಮೆ ತಾಲ್ಲೂಕಿನಲ್ಲಿ ರೈತರ ಪೆಟ್ಟಿಗೆಗಳಲ್ಲೇ ಪರೀಕ್ಷಿಸಬೇಕು, ಫಲಿತಾಂಶ ಕನ್ನಡದಲ್ಲಿ ಕೊಡಬೇಕು. ಪೆಟ್ಟಿಗೆಗೆ ಸಹಾಯಧನ ಕೊಡುವುದರ ಜೊತೆಗೆ ಪೆಟ್ಟಿಗೆಯ ರೋಗ ನೋಡುವವರೂ ಬೇಕಲ್ಲ.

ಅಲ್ಲಿಯವರೆಗೆ ಹೂ ಬಿಟ್ಟ ಹೊಲಕ್ಕೆ ಎಣ್ಣಿ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಮುಂಜಾನೆ ಬೇಡ, ಹುಳ ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ. ಪಕ್ಕದ ಹೊಲದಲ್ಲಿ ಪೆಟ್ಟಿಗೆ ಇಟ್ಟವರಿಗೆ ಹಿಂದಿನ ದಿನವೇ ಒಂದು ಫೋನ್ ಮಾಡಿ. ಪೆಟ್ಟಿಗೆ ಎತ್ತಿ ಬೇರೆಡೆ ಇಡಲು ಅವರಿಗೂ ಒಂದು ರಾತ್ರಿ ಬೇಕಾಗುತ್ತದೆ.