ಸೇವೆಯ ಸೋಪಾನಗಳು



ಕಳೆದ ಸಂಚಿಕೆಯಲ್ಲಿ ದಾಸೋಹಭಾವವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವು. ಅದನ್ನು ಓದಿದ ತಾಯಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗ ಶಾಲೆಯಲ್ಲಿ ಸ್ಕೌಟ್ ದಳ ಸೇರಿದ್ದಾನೆ. ಮೇಲಿನ ಪುರಸ್ಕಾರಕ್ಕೆಂದು ಊರಿಗೆ ಉಪಯೋಗವಾಗುವ ಸೇವಾಕಾರ್ಯವೊಂದನ್ನು ಯೋಜಿಸಿ ನಡೆಸಬೇಕಾಗಿದೆ. “ಪದಕಕ್ಕಾಗಿ ಮಾಡುವ ಸೇವೆ ದಾಸೋಹವಾಗುವುದೇ? ನಾವು ಹುಡುಗನಿಗೆ ಮಾಡು ಎನ್ನಬೇಕೋ, ಬೇಡ ಎನ್ನಬೇಕೋ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚಿಕ್ಕದಾದರೂ ಉತ್ತರ ಅಷ್ಟು ಚಿಕ್ಕದಲ್ಲ. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಈ ಸ್ಕೌಟ್ ಎಂಬುದೇನೆಂದು ಹಿರಿಯರಿಗಾಗಿ ಸಂಕ್ಷೇಪವಾಗಿ ಹೇಳುವುದು ಉಚಿತ. ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿ 1907ರಲ್ಲಿ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಕೆಲವು ಬಾಲಕರನ್ನು ಕೂಡಿಸಿ ಶಿಬಿರ ನಡೆಸಿದನು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಆ ಚಳವಳಿ ನಮ್ಮ ಬೆಂಗಳೂರಿಗೆ ಬಂದಿತು. ಮೊದಮೊದಲು ಅದರಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಆ್ಯನಿ ಬೆಸೆಂಟರು ಮೊದಲಾದವರು ನಮ್ಮ ಮಕ್ಕಳಿಗಾಗಿಯೇ ಬೇರೆ ದಳಗಳನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಒಂದಾಗಿ ‘ಭಾರತ ಸ್ಕೌಟ್ಸ್ ಮತ್ತು ಗೈಡ್ಸ್’ ಉದಯಿಸಿತು. ನಮ್ಮ ಸೀಮೆಗೆ ಸಮೀಪದ ಕೊಂಡಜ್ಜಿಯ ಬಸಪ್ಪನವರು ಈ ಕಾರ್ಯಕ್ಕೆ ತಮ್ಮ ಬಾಳನ್ನು ಸವೆಸಿದುದನ್ನು ಹಿರಿಯರು ಬಲ್ಲರು. ದಿನಕ್ಕೊಂದಾದರೂ ಸತ್ಕಾರ್ಯ ಮಾಡಬೇಕು, ಸದಾ ಸಿದ್ಧನಾಗಿರಬೇಕು, ದೇವರು ಅಥವಾ ಧರ್ಮಕ್ಕೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯವನ್ನು ಸಲ್ಲಿಸಬೇಕು, ಪರರಿಗೆ ನೆರವಾಗಬೇಕು: ಇವು ಅಲ್ಲಿಯ ವ್ರತಗಳು.

ಅಲ್ಲಿ ಹುಡುಗನೊಬ್ಬ ಏರಬೇಕಾದ ಮೆಟ್ಟಿಲುಗಳೂ ಗೊತ್ತಾಗಿವೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ ಮತ್ತು ಕಡೆಯಲ್ಲಿ ರಾಷ್ಟ್ರಪತಿ ಪುರಸ್ಕಾರ. ಒಟ್ಟು ಆರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ನಮ್ಮ ಸ್ಥಲಗಳೂ ಆರು. ಲೋಕದ ಪುರಸ್ಕಾರವನ್ನೂ ಪರಮಾರ್ಥದ ಸ್ಥಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಸಾಮ್ಯವನ್ನು ಮರೆಯಬಾರದು. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕಾಲಿಡಲಾಗದು. ಮೇಲಕ್ಕೇರಿದಷ್ಟೂ ‘ನಾನು’ ಎಂಬುದು ಕರಗುತ್ತ ಹೋಗಬೇಕೇ ಹೊರತು ಬೆಳೆಯುತ್ತ ಹೋಗಬಾರದು.

ಇನ್ನು ಪ್ರಸ್ತುತಕ್ಕೆ ಬರೋಣ. ಎರಡು ವರ್ಷಗಳಿಗೂ ಹಿಂದಿನ ಮಾತು. ಕೋಗಳಿ ಸೀಮೆಯ ಒಂದು ಹಳ್ಳಿಯಿಂದ ಒಂಬತ್ತನೆಯ ತರಗತಿಯ ಬಾಲಕನೊಬ್ಬ ತನ್ನ ತಂದೆಯೊಡನೆ ನಮ್ಮಲ್ಲಿಗೆ ಬಂದನು. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ನಾಡು ಅದು. ಒಂದು ಕಡೆ ಕೊಟ್ಟೂರು, ಕೂಡ್ಲಿಗಿ, ಇನ್ನೊಂದು ಕಡೆ ಹಡಗಲಿ, ಹರಪನಹಳ್ಳಿ, ನಡುವೆ ಹಗರಿಬೊಮ್ಮನಹಳ್ಳಿ. ಮಳೆ ಕಡಿಮೆ, ಕೆರೆಗಳ ಮೇಲೆಯೇ ಬದುಕು. ಬಾಲಕನ ಕೈಯಲ್ಲಿ ಅಂದವಾದ ಅಕ್ಷರಗಳಲ್ಲಿ ಬರೆದ ಯೋಜನೆಯೊಂದಿತ್ತು. ಊರ ಕೆರೆಯ ದಂಡೆಯ ಮೇಲೆ ಇನ್ನೂರು ಸಸಿಗಳನ್ನು ನೆಡುವುದು, ಅತಿಥಿಗಳನ್ನು ಕರೆಯುವುದು, ಫಲಕ ಕಟ್ಟುವುದು, ಛಾಯಾಚಿತ್ರ ತೆಗೆಸುವುದು. ತಂದೆಯ ಮುಖದಲ್ಲಿ ಹೆಮ್ಮೆ ಇತ್ತು. “ನಿಮ್ಮ ಆಶೀರ್ವಾದ ಒಂದಿದ್ದರೆ ಸಾಕ್ರೀ, ರಾಷ್ಟ್ರಪತಿಗಳ ಪ್ರಶಸ್ತಿ ಬಂದೇ ಬರುತ್ತದೆ” ಎಂದರು.

ಆ ಹಾಳೆಯನ್ನು ಓದುತ್ತಿದ್ದಂತೆ ನಮಗೆ ನಮ್ಮದೇ ಹಳೆಯ ತಪ್ಪೊಂದು ನೆನಪಾಯಿತು. ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ನಾವೇ ಮುಂದಾಗಿ ಹೀಗೆಯೇ ಸಸಿ ನೆಡಿಸಿದ್ದೆವು. ಗುಂಡಿಗಳನ್ನು ಸಾಲಾಗಿ ತೋಡಿಸಿದೆವು. ಗಣ್ಯರು ಬಂದರು, ಹಾರ ಹಾಕಿದೆವು, ಭಾಷಣಗಳಾದವು. ಆದರೆ ವೈಶಾಖದ ಬಿಸಿಲಿನಲ್ಲಿ ಅವಕ್ಕೆ ನೀರು ಹೊರುವವರಾರು ಎಂಬುದನ್ನು ಮಾತ್ರ ಯಾರೂ ಯಾರನ್ನೂ ಕೇಳಿರಲಿಲ್ಲ. ಮರುವರ್ಷ ಅಲ್ಲಿ ಉಳಿದದ್ದು ಬರಿಯ ಗುಂಡಿಗಳು. ರಾತ್ರಿ ಹೊಲದಿಂದ ಬರುತ್ತಿದ್ದ ಎತ್ತೊಂದು ಅದರಲ್ಲಿ ಕಾಲಿಟ್ಟು ಕುಂಟಿತು. ಅದರ ಒಡೆಯ ಮಠದ ಮೇಲಣ ಭಕ್ತಿಯಿಂದ ನಮಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತೆಂದು ಇಂದಿಗೂ ಅನಿಸುತ್ತದೆ.

ಈ ಸಂಗತಿಯನ್ನು ಬಾಲಕನಿಗೆ ಹೇಳಿ ಮೂರು ಪ್ರಶ್ನೆಗಳನ್ನು ಕೇಳಿದೆವು. ಈ ಕೆಲಸ ಬೇಕೆಂದು ನಿನ್ನನ್ನು ಕೇಳಿದವರಾರು? ನೀನು ಊರು ಬಿಟ್ಟ ಮೇಲೆ ಇದನ್ನು ನಡೆಸುವವರಾರು? ನಿನ್ನ ಹೆಸರು ಎಲ್ಲಿಯೂ ಬಾರದೆಂದರೂ ಇದನ್ನು ಮಾಡುವೆಯಾ? ಮೊದಲೆರಡಕ್ಕೆ ಅವನು ತಲೆ ತಗ್ಗಿಸಿದನು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲರೀ ಅಜ್ಜಾರೇ” ಎಂದನು. ತಂದೆಗೆ ಮುಜುಗರವಾಯಿತು. ನಮಗಾದರೋ ಸಂತೋಷವಾಯಿತು. ಹೌದೆಂದು ಸುಳ್ಳು ಹೇಳಬಹುದಾಗಿದ್ದ ಸ್ಥಳದಲ್ಲಿ ಆ ಹುಡುಗ ಹೇಳಲಿಲ್ಲ.

ಆಗ ಅವನಿಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವನ್ನು ಹೇಳಿದೆವು. ಶೂನ್ಯಸಂಪಾದನೆಯನ್ನು ಬಲ್ಲ ವಾಚಕರಿಗೆ ಅದು ಹೊಸದಲ್ಲ. ಸಿದ್ಧರಾಮರು ಸಾವಿರಾರು ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದರು, ಗುಡಿಗಳನ್ನೆತ್ತಿಸುತ್ತಿದ್ದರು. ಲೋಕೋಪಕಾರದಲ್ಲಿ ಅವರನ್ನು ಮೀರಿದವರಿಲ್ಲ. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಅವರನ್ನು ಹಗುರವಾಗಿ ಕರೆದು ಕೆಣಕಿದರು. ಕೆಲಸದವರು ಕೆರಳಿ ಕಲ್ಲು ತೂರಿದರು, ಸಿದ್ಧರಾಮರೂ ಕನಲಿದರು. ಆ ಕೋಪದಲ್ಲಿಯೇ ಪ್ರಭುದೇವರು ಅವರಿಗೆ ಕನ್ನಡಿ ಹಿಡಿದರು. ಕೆರೆಯೇನೋ ನೆಲದಲ್ಲಿದೆ, ಆದರೆ ‘ಕಟ್ಟಿಸಿದವನು ನಾನು’ ಎಂಬ ಮಣ್ಣಿನ ಹೊರೆ ಇನ್ನೂ ತಲೆಯ ಮೇಲಿದೆ ಎಂಬ ಅರಿವು ಅಲ್ಲಿ ಮೂಡಿತು. ಮುಂದೆ ಅವರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದು ಶಿವಯೋಗಿಗಳಾದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರಭುದೇವರು ಕೆರೆಯನ್ನು ಒಡೆಯಿರಿ ಎನ್ನಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಕೆರೆ ಇಂದಿಗೂ ಇದೆ, ನಡುವಿನ ಗುಡಿಗೆ ಜನ ಇಂದಿಗೂ ಹೋಗುತ್ತಾರೆ. ಬಿಡಬೇಕಾದದ್ದು ಕೆಲಸವಲ್ಲ, ಕೆಲಸದ ಹಮ್ಮು. ನಮಗೆ ಪತ್ರ ಬರೆದ ತಾಯಿಗೆ ಉತ್ತರದ ಅರ್ಧ ಭಾಗ ಇದರಲ್ಲಿಯೇ ಇದೆ. ಉಳಿದರ್ಧ ಆ ಬಾಲಕನು ಮುಂದೆ ಮಾಡಿದುದರಲ್ಲಿದೆ.

ಒಂದು ತಿಂಗಳ ನಂತರ ಅವನು ಬೇರೊಂದು ಹಾಳೆಯೊಡನೆ ಬಂದನು. ಈ ಸಲ ಅಕ್ಷರ ಅಷ್ಟು ಅಂದವಾಗಿರಲಿಲ್ಲ, ಅಲ್ಲಲ್ಲಿ ಹೊಡೆದು ಬರೆದಿತ್ತು. ಅವನು ಊರಿನಲ್ಲಿ ಮನೆಮನೆಗೆ ಹೋಗಿ ಏನು ಬೇಕೆಂದು ಕೇಳಿದ್ದನು. ಮಾಘ ಬಹುಳದಲ್ಲಿ ಕೊಟ್ಟೂರೇಶ್ವರ ರಥೋತ್ಸವಕ್ಕೆ ಸುತ್ತಲಿನ ಜಿಲ್ಲೆಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರಷ್ಟೆ. ದಾರಿಯುದ್ದಕ್ಕೂ ನಮ್ಮ ಮನೆತನಗಳವರು ನೀರು, ಮಜ್ಜಿಗೆ, ಪ್ರಸಾದ ನೀಡುತ್ತಾರೆ. ಅವನ ಊರೂ ಆ ದಾರಿಯ ಮೇಲಿದೆ. ಒಬ್ಬ ವೃದ್ಧೆ ಅವನಿಗೆ ಹೀಗೆಂದಳಂತೆ: “ಜಾತ್ರೆ ಮುಗಿದ ಮ್ಯಾಲೆ ನಮ್ಮ ಎಮ್ಮಿ ಮೇವು ಬಿಡ್ತು ತಮ್ಮಾ. ದಾರ್‍ಯಾಗ ಬಿದ್ದ ಪ್ಲಾಸ್ಟಿಕ್ ತಿಂದಿತ್ತು.” ಅನ್ನದ ಅಂಟು, ಉಪ್ಪಿನ ರುಚಿ ಇರುವ ಲೋಟ ತಟ್ಟೆಗಳನ್ನು ದನಗಳು ನುಂಗುತ್ತವೆ. ಅದು ಕರಗುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಹೊಟ್ಟೆಯಲ್ಲಿಯೇ ಗಂಟಾಗಿ ಕೂಡುತ್ತದೆ. ನಾವು ಭಕ್ತಿಯಿಂದ ನೀಡಿದ ದಾಸೋಹದ ಎಂಜಲು ಮೂಕಪ್ರಾಣಿಗೆ ವಿಷವಾಗುವುದೆಂದರೆ, ಅದರ ಹೊಣೆ ಪಾದಯಾತ್ರಿಗಳದು ಮಾತ್ರವೇ?

ಅವನ ಹೊಸ ಯೋಜನೆ ಚಿಕ್ಕದಾಗಿತ್ತು. ತನ್ನೂರಿನ ಎಲ್ಲೆಯೊಳಗಿನ ದಾರಿ ಮಾತ್ರ. ಅಲ್ಲಿರುವ ಮೂರು ದಾಸೋಹದ ಚಪ್ಪರಗಳು ಮಾತ್ರ. ಪ್ಲಾಸ್ಟಿಕ್ ಲೋಟಗಳ ಬದಲು ಮನೆಮನೆಯಿಂದ ಸ್ಟೀಲ್ ಲೋಟಗಳನ್ನು ಎರವಲು ತರುವುದು, ಪ್ರತಿ ಮನೆಯ ಲೋಟಕ್ಕೂ ಬಣ್ಣದ ಗುರುತು ಹಾಕಿ ವಹಿಯಲ್ಲಿ ಬರೆದುಕೊಳ್ಳುವುದು. ತೊಳೆಯಲು ಒಂದು ಚಪ್ಪರಕ್ಕೆ ಎರಡು ಬುಟ್ಟಿ, ಬೂದಿ, ಬಿಸಿನೀರು. ತೊಳೆದ ನೀರು ಹತ್ತಿರದ ತೆಂಗಿನ ಬುಡಕ್ಕೆ. ಪ್ರಸಾದಕ್ಕೆ ಮುತ್ತುಗದ ಎಲೆ, ಎಂಜಲೆಲೆಗಳು ಗೊಬ್ಬರದ ಗುಂಡಿಗೆ. ಪ್ರತಿ ಚಪ್ಪರದ ಮುಂದೆ ಅಲ್ಲ, ನೂರು ಹೆಜ್ಜೆ ಮುಂದೆ ಒಂದು ಬುಟ್ಟಿ. ಏಕೆಂದರೆ ಜನ ಕುಡಿಯುತ್ತ ಮುಂದೆ ನಡೆಯುತ್ತಾರೆ, ಕುಡಿದು ಮುಗಿದಲ್ಲಿ ಎಸೆಯುತ್ತಾರೆ. ಇದನ್ನು ಅವನು ಚಿಕ್ಕದೊಂದು ಊರಹಬ್ಬದಲ್ಲಿ ನಿಂತು ನೋಡಿ ಕಂಡುಕೊಂಡಿದ್ದನು. ಪುಸ್ತಕದಲ್ಲಿ ಇದು ಸಿಕ್ಕುವುದಿಲ್ಲ.

ಇದರ ಜೊತೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಸ್ಕೌಟ್ ಬಾಲಕರಿಗೆ ಈ ವಿದ್ಯೆಯನ್ನು ಕಲಿಸಿಯೇ ಇರುತ್ತಾರೆ. ಬರಿಗಾಲಲ್ಲಿ ನಡೆದವರ ಅಂಗಾಲಿನ ಬೊಕ್ಕೆಯನ್ನು ಒಡೆಯದೆ, ತೊಳೆದು, ಶುಭ್ರವಾದ ಬಟ್ಟೆ ಕಟ್ಟುವುದು. ಬಿಸಿಲಿಗೆ ತಲೆ ತಿರುಗಿದವರನ್ನು ನೆರಳಿನಲ್ಲಿ ಮಲಗಿಸಿ, ಎಚ್ಚರವಿದ್ದರೆ ಮಾತ್ರ ಸ್ವಲ್ಪಸ್ವಲ್ಪವಾಗಿ ನೀರು ಕುಡಿಸುವುದು. ಮಿಕ್ಕದ್ದಕ್ಕೆ ವೈದ್ಯರು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ರಥ ಉರುಳಿ ಭಕ್ತರು ಗಾಯಗೊಂಡ ದಿನವನ್ನು ನಮ್ಮ ಸೀಮೆ ಮರೆತಿಲ್ಲ. ‘ಸದಾ ಸಿದ್ಧ’ ಎಂಬ ಮಾತಿನ ಬೆಲೆ ಅಂಥ ಗಳಿಗೆಯಲ್ಲಿ ತಿಳಿಯುತ್ತದೆ.

ಸೇವಾಕಾರ್ಯವನ್ನು ಕೈಗೊಳ್ಳುವ ಮಕ್ಕಳ ಮನೆಯವರು ಕೆಲವು ಅಂಶಗಳನ್ನು ನೆನಪಿನಲ್ಲಿಡಬೇಕು. ಯಾವ ಕೆಲಸವೆಂದು ನಿಶ್ಚಯಿಸುವ ಮೊದಲು ಅದರಿಂದ ಉಪಯೋಗ ಪಡೆಯುವವರನ್ನೇ ಕೇಳತಕ್ಕದ್ದು. ದಳದ ಶಿಕ್ಷಕರಿಂದ ಆಯಾ ವರ್ಷದ ನಿಯಮಗಳನ್ನು ತಿಳಿದು, ಯೋಜನೆಯನ್ನು ಅವರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು. ದಾರಿಯೋ ಕೆರೆಯೋ ಪಂಚಾಯಿತಿಗೆ ಸೇರಿದ್ದರೆ ಅವರ ಅಪ್ಪಣೆಯೂ ಬೇಕು. ಹಣ ಎತ್ತುವುದಕ್ಕಿಂತ ವಸ್ತುವನ್ನು ಎರವಲು ಪಡೆಯುವುದು ಲೇಸು, ಲೆಕ್ಕ ಸುಲಭ, ಸಂಶಯಕ್ಕೆ ಎಡೆಯಿಲ್ಲ. ರಾತ್ರಿ ರಸ್ತೆಯ ಮೇಲೆ ಮಕ್ಕಳನ್ನು ನಿಲ್ಲಿಸಲೇಬಾರದು. ಹಗಲಿನಲ್ಲಿಯೂ ದೊಡ್ಡವರು ಜೊತೆಗಿರತಕ್ಕದ್ದು. ಹುಡುಗನ ಕೆಲಸವನ್ನು ತಂದೆಯೇ ಮಾಡಿ, ಮಗನ ಹೆಸರು ಬರೆಸುವುದು ಸಲ್ಲದು. ದಿನಚರಿಯಲ್ಲಿ ಆದದ್ದನ್ನು ಆದಂತೆಯೇ ಬರೆಯಿಸಬೇಕು.

ಈ ಕಡೆಯ ಮಾತನ್ನು ಒತ್ತಿ ಹೇಳಲು ಕಾರಣವುಂಟು. ಆ ವರ್ಷ ಜಾತ್ರೆ ಮುಗಿದಾಗ ಎರವಲು ತಂದ ಲೋಟಗಳಲ್ಲಿ ಕೆಲವು ಮರಳಿ ಬರಲಿಲ್ಲ. ಎಣಿಸಿ ನೋಡಿದ ತಂದೆ, ಇದನ್ನು ದಿನಚರಿಯಲ್ಲಿ ಬರೆಯುವುದು ಬೇಡ, ಪರೀಕ್ಷೆಗೆ ಬಂದವರು ಏನೆಂದಾರು ಎಂದರಂತೆ. ಬಾಲಕನು ಬರೆದನು. ಯಾವ ಮನೆಯ ಎಷ್ಟು ಲೋಟ ಹೋದವೆಂದು ಸಂಖ್ಯೆ ಸಹಿತ ಬರೆದು, ಬೇಸಿಗೆಯ ರಜೆಯಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ದುಡಿದು, ಬಂದ ಹಣದಿಂದ ಕೊಂಡು ಮರಳಿಸಿದನು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಅದನ್ನು ಇದ್ದಲ್ಲಿಗೇ ಹಾಕಿ ಬರುವಂತೆ ಲಕ್ಕಮ್ಮನವರು ಕಳುಹಿದ ಕಥೆ ನಮಗೆಲ್ಲ ಗೊತ್ತು. ಕಾಯಕದ ಶುದ್ಧಿ ಅಕ್ಕಿಯ ಕಾಳಿನಲ್ಲಿಯೂ ಇದೆ, ಲೋಟದ ಲೆಕ್ಕದಲ್ಲಿಯೂ ಇದೆ.

ಊರವರು ಕೂಡಿ ನಿಂತರೆ ಏನಾಗುವುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯಿದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ಮನುಷ್ಯರು ಕಟ್ಟಿದ್ದು. ಅಲ್ಲಿಯ ಜಾಲಿಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟಿ ಮರಿಮಾಡುತ್ತವೆ. 2024ರಲ್ಲಿ ಅದು ರಾಮ್ಸಾರ್ ತಾಣವೆಂದು ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿತು. ಆ ಕೆರೆಗೆ ಮೊದಲು ಮಣ್ಣು ಹೊತ್ತವರ ಹೆಸರು ಆ ಪಟ್ಟಿಯಲ್ಲಿಲ್ಲ. ಹಕ್ಕಿಗಳಿಗೆ ಅದರಿಂದ ಕೊರತೆಯಾಗಿಲ್ಲ.

ಬಾಲಕನು ಈಗ ದಾವಣಗೆರೆಯಲ್ಲಿ ಪಿ.ಯು.ಸಿ. ಓದುತ್ತಿದ್ದಾನೆ. ಪ್ರಶಸ್ತಿ ಬಂದಿತೇ ಎಂದು ವಾಚಕರು ಕೇಳಬಹುದು. ಪರೀಕ್ಷಾ ಶಿಬಿರವನ್ನು ಮುಗಿಸಿದ್ದಾನೆ, ಫಲವನ್ನು ಕಾಯುತ್ತಿದ್ದಾನೆ. ಬರಲಿ ಎಂದು ನಾವೂ ಹಾರೈಸುತ್ತೇವೆ. ಕಳೆದ ಜಾತ್ರೆಯ ಕಾಲಕ್ಕೆ ಅದೇ ದಾರಿಯಲ್ಲಿ ಹೋಗುವಾಗ ಆ ಚಪ್ಪರಗಳಲ್ಲೊಂದರಲ್ಲಿ ನಾವು ಮಜ್ಜಿಗೆ ಕುಡಿದೆವು. ಲೋಟ ಸ್ಟೀಲಿನದು, ತಳದಲ್ಲಿ ಹಸಿರು ಬಣ್ಣದ ಚುಕ್ಕೆಯಿತ್ತು. ಈ ಏರ್ಪಾಡು ಯಾರದು ತಾಯಿ ಎಂದು ಕೇಳಿದರೆ, ತೊಳೆಯುತ್ತಿದ್ದ ಹೆಣ್ಣುಮಗಳು, “ಮೊದಲಿಂದಲೂ ನಮ್ಮೂರಾಗ ಹಿಂಗೇ ಐತ್ರೀ” ಎಂದಳು. ನಮಗೆ ನಗು ಬಂದಿತು. ಆ ಮಾತನ್ನು ಬಾಲಕನಿಗೆ ತಿಳಿಸಿದೆವು. “ಅಜ್ಜಾರೇ, ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಬಂತಲ್ರೀ” ಎಂದು ಅವನೂ ನಕ್ಕನು. ಸ್ವಲ್ಪ ನೋವೂ ಆ ನಗೆಯಲ್ಲಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹದಿನಾರರ ಹುಡುಗ, ಅಷ್ಟಾದರೂ ಇರಬೇಡವೇ?

ಆದುದರಿಂದ, ಪತ್ರ ಬರೆದ ತಾಯಿಯೇ, ನಿಮ್ಮ ಮಗನಿಗೆ ಮಾಡು ಎನ್ನಿರಿ. ಪದಕದ ಆಸೆಯಿಂದಲೇ ತೊಡಗಿದರೂ ಚಿಂತೆಯಿಲ್ಲ. ಮಗುವನ್ನು ಮಠಕ್ಕೆ ಕರೆದೊಯ್ಯುವಾಗ ಮೊದಲು ಸಕ್ಕರೆಯ ಆಸೆಯನ್ನೇ ತೋರಿಸುತ್ತೇವಲ್ಲವೇ? ಆದರೆ ಕೆಲಸ ಮಾತ್ರ ನಿಜವಾದುದಾಗಿರಲಿ, ನಿಜವಾದ ಅಗತ್ಯಕ್ಕೆ ಆಗಿರಲಿ. ನಿಜವಾದ ಕೆಲಸವೇ ಮಾಡುವವನನ್ನು ನಿಧಾನವಾಗಿ ತಿದ್ದುತ್ತದೆ.

ಮಾಘಮಾಸ ಬರುವುದಕ್ಕೆ ಮೊದಲೇ ಪಾದಯಾತ್ರೆಯ ದಾರಿಯಲ್ಲಿರುವ ನಮ್ಮ ಮನೆಗಳವರು ಅಟ್ಟದ ಮೇಲಿರುವ ಹಳೆಯ ಲೋಟಗಳನ್ನು ಇಳಿಸಿ, ಒಂದೊಂದು ಬಣ್ಣದ ಚುಕ್ಕೆ ಇಟ್ಟುಕೊಂಡರೆ ಒಳಿತು. ಕೇಳಿಕೊಂಡು ಯಾವನಾದರೂ ಹುಡುಗ ಬಾಗಿಲಿಗೆ ಬಂದರೆ ಬರಿಗೈಯಲ್ಲಿ ಕಳುಹಿಸಬೇಡಿರಿ.