ಸೈಕಲ್ ಪುರಾಣ – 4: ಟೈರ್ ದಪ್ಪ ಅಂತ ಮಾರ್ತೀಯಾ?

"ದಪ್ಪ ಟೈರು ಎಳೆಯುತ್ತೆ ಮಗಾ, ಮಾರ್ಬಿಡು." ನಮ್ಮ ಸರಸ್ವತಿಪುರಂ ಗ್ಯಾಂಗ್ ಮಾತು ಕೇಳಿ ಗೆಳೆಯನೊಬ್ಬ ಅಪ್ಪ ಕೊಡಿಸಿದ ಎಂಟಿಬಿನ ಅರ್ಧ ಬೆಲೆಗೆ ಮಾರೋಕೆ ಹೊರಟಿದ್ದಾನೆ. ತಡಿಯೋ!

ಒಂದೇ ಥರದ ರಬ್ಬರ್, ಒಂದೇ ಪ್ರೆಷರ್ ಇದ್ರೆ ಅಗಲದ ಟೈರೇ ಸಲೀಸಾಗಿ ಉರುಳೋದು. ನೆಲಕ್ಕೆ ತಾಗೋ ಜಾಗ ಅಡ್ಡಕ್ಕೆ ಹರಡಿ ಉದ್ದಕ್ಕೆ ಚಿಕ್ಕದಾಗುತ್ತೆ, ಟೈರ್ ಕಡಿಮೆ ಬಗ್ಗುತ್ತೆ. ಬಗ್ಗಿ ಬಗ್ಗಿ ಬಿಸಿಯಾಗೋದ್ರಲ್ಲೇ ತಾನೇ ನಿಮ್ಮ ಶಕ್ತಿ ಹೋಗೋದು? ಡಾಂಬರ್ ಮೇಲೆ ಎಳೆಯೋದು ಅಗಲ ಅಲ್ಲ ಕಣ್ರೋ, ಉಬ್ಬುಬ್ಬಾದ ರಬ್ಬರ್ ಮತ್ತೆ ಇಳಿದ ಗಾಳಿ.

ಹಾಗಂತ ಕಲ್ಲಿನ ಹಾಗೆ ಹೊಡೆಸ್ಬೇಡಿ. ನನ್ನ ಟೈರ್ ಮೇಲೆ ಬರೆದಿರೋ 65 ಪಿಎಸ್‌ಐ ಗರಿಷ್ಠ ಮಿತಿ, ಆಜ್ಞೆ ಅಲ್ಲ. ಅಷ್ಟೂ ತುಂಬಿಸ್ಕೊಂಡು ಚಾಮುಂಡಿ ಬೆಟ್ಟದ ತಪ್ಪಲಿನ ಮಣ್ಣು ದಾರಿಗೆ ಹೋಗಿ ಮೊಣಕೈ ಸುಲಿದುಕೊಂಡವನು ನಾನೇ. ಮೆತ್ತಗಿದ್ರೆ ಟೈರೇ ಕಲ್ಲನ್ನ ನುಂಗುತ್ತೆ. ಗಟ್ಟಿಯಿದ್ರೆ ಪ್ರತಿ ಕಲ್ಲಿಗೂ ಸೈಕಲ್ ಜೊತೆ ನೀವೂ ಮೇಲೇಳಬೇಕು. ಆ ಶಕ್ತಿ ಮುಂದಕ್ಕೆ ಹೋಗಲ್ಲ. ನನ್ನ 60 ಕೆಜಿಗೆ, 2.1 ಇಂಚಿನ ಟೈರಿಗೆ ಈಗ ಮಣ್ಣಲ್ಲಿ 30, ಡಾಂಬರಲ್ಲಿ 45.

ಮಾರೋ ಮುಂಚೆ ಒಂದು ಜೊತೆ ನಯವಾದ ಟೈರ್ ಹಾಕಿಸು, ಮೀಟರ್ ಇರೋ ಪಂಪ್ ನನ್ನ ಹತ್ರ ಇದೆ. ಒಂದು ವಾರ ಓಡಿಸಿ ನೋಡು, ಆಮೇಲೆ ಬೈಯಿ.